ಬಿಸಿಲು ಬೀಳದ ಅಂಗಳಕ್ಕೆ ಬೆಟ್ಟದ ಗಿಡ

ಮಸ್ಕತ್ತಿನ ಅಲ್ ಅಜೈಬಾದಲ್ಲಿರುವ ಒಂದು ಗಾರ್ಡನ್ ಕಂಪನಿಯಲ್ಲಿ ನಾನು ಸೂಪರ್‌ವೈಸರ್. ಸುಡುವ ಬಿಸಿಲಿನಲ್ಲಿ ಸಾಯದ ಗಿಡ ಯಾವುದು ಎಂದು ಹುಡುಕುವುದರಲ್ಲೇ ನನ್ನ ಹದಿನಾಲ್ಕು ವರ್ಷ ಕಳೆದಿತ್ತು. ನೆರಳು ಜಾಸ್ತಿ, ಚಳಿ ಜಾಸ್ತಿ ಎಂಬ ತೊಂದರೆ ಹೇಳಿಕೊಂಡು ಬಂದ ಮೊದಲ ಗಿರಾಕಿ ಜಬಲ್ ಅಖ್ದರ್ ಬೆಟ್ಟದ ಒಬ್ಬ ನಿವೃತ್ತ ಮೇಷ್ಟ್ರು.

ತಂದೆಯ ಕಾಲದ ಮನೆಯನ್ನು ಅವರು ಅತಿಥಿಗೃಹ ಮಾಡುತ್ತಿದ್ದರು. ಮನೆಯ ಉತ್ತರಕ್ಕೆ ಎತ್ತರದ ಗೋಡೆಗಳ ನಡುವೆ ಒಂದು ಅಂಗಳ. ನವೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿಗೆ ಬಿಸಿಲೇ ಇಳಿಯುವುದಿಲ್ಲ. ಜನವರಿಯ ಕೆಲವು ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಮಂಜುಗಡ್ಡೆಯ ಪದರ ಕಟ್ಟುತ್ತದೆ.

"ಈ ಬೆಟ್ಟದಲ್ಲಿ ಹುಟ್ಟಿದ್ದು ಮಾತ್ರ ಹಾಕಿ. ಮಸ್ಕತ್ತಿನ ಹೋಟೆಲುಗಳ ಗಿಡ ನನಗೆ ಬೇಡ" ಎಂದರು ಮೇಷ್ಟ್ರು. ಅವರದು ನಿಧಾನದ ಹಿಂದಿ. ಆಮೇಲೆ ಫಲಜ್ ಗುಂಟ, ಅಂದರೆ ಬೆಟ್ಟದ ನೀರನ್ನು ತೋಟಗಳಿಗೆ ತರುವ ಕಾಲುವೆಯ ಗುಂಟ, ನನ್ನನ್ನು ನಡೆಸಿಕೊಂಡು ಹೋದರು. ನೀರು ಜಿನುಗುವ ಬಂಡೆಯ ನೆರಳಲ್ಲಿ ಸಣ್ಣ ಎಲೆಯ ಜರಿಗಿಡ ಗೊಂಚಲುಗೊಂಚಲಾಗಿ ಇಳಿಬಿದ್ದಿತ್ತು. ಅರಬ್ಬಿಯಲ್ಲಿ ಅದಕ್ಕೆ ಬಾವಿಯ ಕೊತ್ತಂಬರಿ ಎನ್ನುತ್ತಾರಂತೆ. ಮೇಲೆ ಕಾಡು ಆಲಿವ್ ಮರಗಳಿದ್ದವು. ನಾನು ಎಲ್ಲವನ್ನೂ ಬರೆದುಕೊಂಡೆ. ಬಹಳ ವರ್ಷಗಳ ನಂತರ ಕೆಲಸದಲ್ಲಿ ನನಗೆ ಖುಷಿಯಾಗಿತ್ತು.

ನನ್ನ ಪಟ್ಟಿಯನ್ನು ಮ್ಯಾನೇಜರು ಒಂದು ನಿಮಿಷವೂ ನೋಡಲಿಲ್ಲ. ನನ್ನಂತೆ ಅವರೂ ಮಂಗಳೂರು ಕಡೆಯವರೇ.

"ಇದೆಲ್ಲ ಯಾವ ನರ್ಸರಿಯಲ್ಲಿ ಸಿಗ್ತದೆ ಮಾರಾಯ?"

"ಸಿಗುವುದಿಲ್ಲ ಸರ್. ಬೀಜದಿಂದಲೋ ಬೇರಿನ ತುಂಡಿನಿಂದಲೋ ಮಾಡಬೇಕು. ಒಂದೆರಡು ವರ್ಷ ಬೇಕು."

"ಎರಡು ವರ್ಷ ಯಾರು ಕಾಯ್ತಾರೆ? ನಮ್ಮ ಸ್ಟಾಕಿನಲ್ಲಿ ಇರುವುದನ್ನು ಕಳಿಸು. ನೆರಳಿಗೆ ಕ್ರೋಟನ್ ಆಗ್ತದಲ್ಲ."

"ಅಲ್ಲಿ ನೀರು ಹೆಪ್ಪುಗಟ್ಟುತ್ತದೆ ಸರ್. ಕ್ರೋಟನ್ ಉಳಿಯುವುದಿಲ್ಲ."

"ಸತ್ತರೆ ಬೇರೆ ಕೊಡುವ. ಖಲಾಸ್."

ಪಟ್ಟಿಯ ಮೇಲೆ ಅಡ್ಡಗೀಟು ಎಳೆದು, ಕೆಳಗೆ ಕ್ರೋಟನ್, ದಾಸವಾಳ, ಮನಿಪ್ಲಾಂಟ್ ಎಂದು ಅವರೇ ಬರೆದರು. ನಾನು ಸಹಿ ಹಾಕಿದೆ. ಗಿಡಗಳನ್ನು ಸಾಮಾನ್ಯ ಪಿಕಪ್ಪಿನಲ್ಲಿ ಕಳಿಸಿದ್ದರಿಂದ ಬೆಟ್ಟದ ಬುಡದ ಪೊಲೀಸ್ ಚೆಕ್‌ಪೋಸ್ಟಿನಲ್ಲಿ ತಡೆದರು. ಆ ಏರಿಗೆ ಫೋರ್‌ವೀಲ್ ಗಾಡಿಯೇ ಆಗಬೇಕು. ಇದನ್ನೂ ನಾನು ಮೊದಲೇ ಹೇಳಿದ್ದೆ. ಬೇರೆ ಗಾಡಿ ಬರುವ ಹೊತ್ತಿಗೆ ಅರ್ಧ ಗಿಡಗಳು ಬಾಡಿದ್ದವು.

ಕುಂಡಗಳನ್ನು ಇಳಿಸುವಾಗ ಮೇಷ್ಟ್ರು ಒಂದೊಂದರ ಎಲೆಯನ್ನೂ ತಿರುಗಿಸಿ ನೋಡಿದರು. ಜನವರಿಯಲ್ಲಿ ಫೋನ್ ಮಾಡಿದರು. "ಎಲ್ಲ ಕಪ್ಪಾಗಿವೆ. ಹೀಗಾಗುತ್ತದೆಂದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ತಂದಿರಿ?"

ಮ್ಯಾನೇಜರ ಹೆಸರು ಹೇಳಬಹುದಿತ್ತು. ಆದರೆ ಸಹಿ ನನ್ನದಾಗಿತ್ತು. ಅವರು ಫೋನ್ ಇಟ್ಟರು. ಮೇಷ್ಟ್ರು ಬೇರೆ ಗಿಡ ಬೇಡವೆಂದರು, ಕಂಪನಿಯೂ ಆ ಕೆಲಸ ಬಿಟ್ಟಿತು.

ನನಗೆ ಮಾತ್ರ ಬಿಡಲಾಗಲಿಲ್ಲ. ಮೇಷ್ಟ್ರ ಜೊತೆ ನಡೆದ ದಿನ ಮರದಡಿ ಹೆಕ್ಕಿದ್ದ ಕಾಡು ಆಲಿವ್ ಬೀಜಗಳು ಜೇಬಿನಿಂದ ಡ್ರಾಯರಿಗೆ ಹೋಗಿದ್ದವು. ಒಂದೊಂದರ ತುದಿಯನ್ನೂ ಕಟಿಂಗ್ ಪ್ಲೇಯರಿನಲ್ಲಿ ಚಿವುಟಿ, ನೆನೆಸಿ, ಬಾಲ್ಕನಿಯಲ್ಲಿ ಹಾಕಿದೆ. ಮೂವತ್ತರಲ್ಲಿ ಏಳು ಮೊಳೆತವು, ಅದೂ ಮೂರು ತಿಂಗಳಾದ ಮೇಲೆ. ಬೇಸಿಗೆ ಬಂತು. ಹೆಂಡತಿಯ ಜೊತೆ ಜಗಳ ಮಾಡಿ ಸಸಿಗಳನ್ನು ಎಸಿ ಇರುವ ಹಾಲಿನ ಕಿಟಕಿಗೆ ತಂದೆ. "ಮನೆಗೆ ಬಂದ ನೆಂಟರಿಗೂ ನೀವು ಇಷ್ಟು ಮಾಡಿದವರಲ್ಲ" ಎಂದಳು ಅವಳು. ನಾಲ್ಕು ಸತ್ತವು. ಉಳಿದ ಮೂರು ಗೇಣುದ್ದ ಬೆಳೆದವು.

ಬೀಜ ಹಾಕಿದ ಮೇಲಿನ ಎರಡನೆಯ ಅಕ್ಟೋಬರಿನ ಒಂದು ಶುಕ್ರವಾರ, ಗೆಳೆಯನ ಫೋರ್‌ವೀಲ್ ಗಾಡಿ ಕೇಳಿ ಪಡೆದು, ಸಸಿಗಳನ್ನು ಇಟ್ಟುಕೊಂಡು ಬೆಟ್ಟ ಹತ್ತಿದೆ. ಅಂಗಳದ ಬಾಗಿಲು ತೆರೆದರೆ ನೆಲದಿಂದ ತುದಿಯವರೆಗೆ ಗೋಡೆ ಪೂರ್ತಿ ಹಸಿರು. ಹತ್ತಿರ ಹೋಗಿ ಮುಟ್ಟಿದೆ. ಪ್ಲಾಸ್ಟಿಕ್. ಜರಿಗಿಡವೂ ಪ್ಲಾಸ್ಟಿಕ್ಕೇ. ಅದರ ಮುಂದೆ ಇಬ್ಬರು ಪ್ರವಾಸಿಗರು ಫೋಟೋ ತೆಗೆದುಕೊಳ್ಳುತ್ತಿದ್ದರು.

"ಮಗ ಹಾಕಿಸಿದ" ಎಂದರು ಮೇಷ್ಟ್ರು. "ಜನ ಬರುತ್ತಿದ್ದರು. ತೋರಿಸಲು ನನ್ನ ಹತ್ತಿರ ಏನಿತ್ತು, ಹೇಳಿ."

ನಾನು ಗಾಡಿಯಿಂದ ಸಸಿಗಳನ್ನು ಇಳಿಸಿದೆ. ಅವರು ಖರ್ಜೂರ, ಅರಬ್ಬಿ ಕಾಫಿ ಕಾವಾ ಕೊಟ್ಟರು. ಸಸಿಗಳನ್ನು ಅಡುಗೆಮನೆಯ ಹಿಂದೆ ನೆಡೋಣ ಎಂದರು. ಇಬ್ಬರೂ ಸೇರಿ ಕಲ್ಲು ಕಿತ್ತು ಮೂರು ಗುಂಡಿ ತೋಡಿ ನೆಟ್ಟೆವು.

ವಾರ ಕಳೆಯುವುದರೊಳಗೆ ಒಂದು ಸಸಿಯನ್ನು ಆಡು ತಿಂದಿತೆಂದು ಮೇಷ್ಟ್ರಿಂದ ಸಂದೇಶ ಬಂತು. ಉಳಿದೆರಡಕ್ಕೆ ತಂತಿ ಬೇಲಿ ಹಾಕಿ ಎಂದು ಉತ್ತರಿಸಿದೆ. ಹಾಕಿದರೋ ಇಲ್ಲವೋ ಗೊತ್ತಿಲ್ಲ. ಆಫೀಸಿನಲ್ಲಿ ಮ್ಯಾನೇಜರು ಅದೇ ಪ್ಲಾಸ್ಟಿಕ್ ಗೋಡೆಯ ಫೋಟೋವನ್ನು ಎಲ್ಲಿಂದಲೋ ಪಡೆದು ನನಗೆ ತೋರಿಸಿದರು. "ನೋಡು, ಇಂಥದ್ದು ನಾವೂ ಶುರು ಮಾಡುವ" ಎಂದರು. ನನಗೆ ಬೇರೆ ಕಡೆ ಸೈಟ್ ನೋಡಲಿಕ್ಕಿದೆ ಎಂದು ಹೇಳಿ ಎದ್ದು ಬಂದೆ.