ಹೊರಗಿನ ಸಾಲಿನ ತಟ್ಟೆ

ಮಸೂತಿ ಎಂಬ ಊರಿನ ಶಾಲೆಯ ಹೆಡ್‌ಮೇಡಂ ಭಾಗ್ಯಜ್ಯೋತಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಸುಮ್ಮಸುಮ್ಮನೆ ಬಂದ ಸಿಟ್ಟಲ್ಲ ಅದು. ನಾಲತವಾಡದ ಅವರ ಮನೆಗೆ ಸರ್ಕಾರದ ಪುಕ್ಕಟೆ ಬಲ್ಬು ಬಂದ ವರ್ಷ ಹುಟ್ಟಿದಳೆಂದು ಅವ್ವ ಮರೆವ್ವ ಆ ಯೋಜನೆಯ ಹೆಸರನ್ನೇ ಮಗಳಿಗೆ ಇಟ್ಟಳು. ಮಗಳು ಮಠವೊಂದು ನಡೆಸುವ ವಿಶ್ವವಿದ್ಯಾಲಯದಲ್ಲಿ ಓದಿ ಎಂ.ಎ.ಯಲ್ಲಿ ಮೊದಲ ರ‍್ಯಾಂಕು ಪಡೆದಳು.

ಅಲ್ಲಿ ಊಟದ ತಟ್ಟೆ ಮನೆಯಿಂದಲೇ ಒಯ್ಯಬೇಕಿತ್ತು. ಮರೆವ್ವ ಮುದ್ದೇಬಿಹಾಳದ ಪಾತ್ರೆ ಅಂಗಡಿಯಲ್ಲಿ ಸ್ಟೀಲಿನ ತಟ್ಟೆ ಕೊಂಡು, ಅದರ ಬೆನ್ನಿಗೆ ಮಗಳ ಹೆಸರು ಕೆತ್ತಿಸಿಕೊಟ್ಟಿದ್ದಳು. ವಾರವೂ ಆಗಿರಲಿಲ್ಲ, ಒಳಗಿನವರ, ಹೊರಗಿನವರ ತಟ್ಟೆಗಳು ಬೆರೆತವೆಂದು ಗುಲ್ಲೆದ್ದಿತು. ಊಟದ ಮನೆಯ ಮೇಲ್ವಿಚಾರಣೆ ಪ್ರಾಧ್ಯಾಪಕ ವಾಸುದೇವರದು. ಅವರು ಕೆತ್ತುವವನನ್ನು ಕರೆಸಿ, ಅವಳ ಹೆಸರಿನ ಕೆಳಗೆ ‘ಹೊರಗಿನ ಸಾಲು’ ಎಂದು ಹೊಡೆಸಿದರು. ಹೊರಗಿನ ಸಾಲೆಂದರೆ ಅವಳೂ ಸೇರಿ, ಬೇವಿನ ಮರದ ಕೆಳಗೆ ಊಟಕ್ಕೆ ಕೂರುತ್ತಿದ್ದ ಅವಳ ಜಾತಿಯ ನಾಲ್ವರು. ಬೆಳಿಗ್ಗೆ ಅದೇ ವಾಸುದೇವರು ಎಲ್ಲ ಜೀವರೂ ದೇವರ ಮಕ್ಕಳೆಂದು ಕಣ್ಣಲ್ಲಿ ನೀರು ಬರುವ ಹಾಗೆ ಪಾಠ ಹೇಳುತ್ತಿದ್ದರು. ಹೇಳುವುದು ಶಾಸ್ತ್ರ, ಹಾಕುವುದು ಗಾಳ! ಪಾಠ ಅಷ್ಟು ಚೆನ್ನಾಗಿತ್ತಲ್ಲ, ಅದೇ ಅವಳ ಹೊಟ್ಟೆ ಉರಿಸುತ್ತಿತ್ತು.

ಈ ವರ್ಷ ಅವಳಿಗೆ ಉತ್ತಮ ಶಿಕ್ಷಕಿ ಪ್ರಶಸ್ತಿ ಬಂದದ್ದೇ ತಡ, ವಿಶ್ವವಿದ್ಯಾಲಯದಿಂದ ಪತ್ರ ಬಂತು. ‘ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು’ ಎಂಬ ಗಾಜಿನ ಕಪಾಟಿಗೆ, ಓದುವಾಗ ಬಳಸಿದ ಒಂದು ವಸ್ತು ಬೇಕಂತೆ. ಅವಳು ಆ ತಟ್ಟೆಯನ್ನೇ ಕಳಿಸಿದಳು, ಬೆನ್ನು ಮೇಲಾಗಿ ಇಡಬೇಕೆಂದು ಚೀಟಿ ಬರೆದು. ಒಂದು ಸಲ ಎಲ್ಲರೂ ಅದನ್ನು ಓದಲಿ, ಅಷ್ಟೇ ಅವಳ ಹಟ.

ಸಮಾರಂಭದ ದಿನ ಅವ್ವನ ಜೊತೆ ಹೋಗಿ ನೋಡಿದರೆ ತಟ್ಟೆ ಅಂಗಾತ ಮಲಗಿದೆ! ಪಕ್ಕದ ಕಾರ್ಡಿನಲ್ಲಿದ್ದದ್ದನ್ನು ಅವಳು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದಳು: ‘ಗುರುಗಳೊಡನೆ ಕುಳಿತು ಪ್ರಸಾದ ಸ್ವೀಕರಿಸಿದ ತಟ್ಟೆ.’

“ಇವರ ಬಾಯಾಗ ಮಣ್ಣ ಹಾಕ!” ಎಂದಳು ಮರೆವ್ವ.

ಭಾಗ್ಯಜ್ಯೋತಿ ಕಪಾಟು ತೆಗೆದು ತಟ್ಟೆ ಎತ್ತಿಕೊಂಡಳು. ನಳದ ಕೆಳಗೆ ತೊಳೆದು, ಸೀದಾ ಊಟದ ಮನೆಗೆ ನಡೆದಳು. ಸನ್ಮಾನದ ಶಾಲು ಹೊದ್ದ ವಾಸುದೇವರು ಮೊದಲ ಸಾಲಿನಲ್ಲಿ ಊಟಕ್ಕೆ ಕುಳಿತಿದ್ದರು. ಅವರ ಎಲೆ ಸರಿಸಿ ತಟ್ಟೆ ಇಟ್ಟು, ಬಿಸಿ ಗೋಧಿ ಹುಗ್ಗಿ ಬಡಿಸಿದಳು.

“ಸರ, ಇವತ್ತ ಇದರಾಗ ಉಣ್ರಿ.”

“ಭಾಗ್ಯಾ, ಹಳೇದೆಲ್ಲಾ ಯಾಕ ಕೆದಕಲಿಕ್ಕತ್ತೀ? ಆಗಿನ ಕಾಲ ಹಂಗಿತ್ತು.”

“ಕಾಲ ಬಂದು ಕೆತ್ತಿತ್ತೇನ್ರಿ? ಕೆತ್ತಿಸಿದವರು ನೀವು. ಈಗ ಕಾಲ ಬದಲಾಗೈತಿ ಅಂದ್ರ ಒಂದ ತುತ್ತು ಉಣ್ರಿ. ಆ ಕಾರ್ಡಿನ ಮಾತು ಇವತ್ತಾದ್ರೂ ಖರೇ ಆಗ್ಲಿ. ಬಾಯಿ ಮುಚ್ಚಿ ಮನಿಗೆ ಹೋಗ್ತೇನಿ.”

ಸಾಲಿಗೆ ಸಾಲೇ ಊಟ ಬಿಟ್ಟು ನೋಡುತ್ತಿತ್ತು. ಮುದುಕರ ಕೈ ತಟ್ಟೆಯ ಅಂಚಿನವರೆಗೆ ಬಂದು ನಿಂತಿತು.

“ನನಗ ಸಕ್ರಿ ಬ್ಯಾನಿ ಅದವ್ವಾ. ಸಿಹಿ ಒಲ್ಲೆ.”

ಸರಿಸಿಟ್ಟ ಎಲೆಯ ಮೇಲೆ ಅವರು ಅರ್ಧ ತಿಂದ ಹುಗ್ಗಿ ಇತ್ತು.

ಭಾಗ್ಯಜ್ಯೋತಿ ಅವ್ವನನ್ನು ಕರೆದು ಅದೇ ಸಾಲಿನಲ್ಲಿ ಕೂರಿಸಿದಳು. ಇಬ್ಬರೂ ಆ ತಟ್ಟೆಯಲ್ಲೇ ಅಗುಳು ಬಿಡದೆ ಉಂಡರು. ಆಮೇಲೆ ತಟ್ಟೆ ತೊಳೆದು ಕಪಾಟಿನಲ್ಲಿ ಬೆನ್ನು ಮೇಲಾಗಿ ಇಟ್ಟಳು. ಹಳೆಯ ಕಾರ್ಡು ಹರಿದು ಹೊಸದು ಬರೆದಳು:

‘ಗುರುಗಳು ಇದರಲ್ಲಿ ಇವತ್ತೂ ಉಣ್ಣಲಿಲ್ಲ.’

ಕೆಳಗೆ ತಾರೀಖು ಹಾಕಿ ರುಜು ಮಾಡಿದಳು.