ಹಣಿಗೆಯಲ್ಲಿ ಬಿಟ್ಟ ನೂಲು

೧೯೯೯ರ ಡಿಸೆಂಬರ್, ಮೊದಲ ಶನಿವಾರ. ಬೆಳಿಗ್ಗೆ ಒಂಬತ್ತೂವರೆ. ಕಕ್ಕಿಂಜೆಯ ರಸ್ತೆಯಿಂದ ಗುಡ್ಡದ ಕಡೆಗೆ ಒಂದು ಮೈಲಿ ಒಳಗಿನ ಮನೆ. ಇದ್ದವರು ಮೂವರು: ಆಸ್ಪತ್ರೆಯಲ್ಲಿ ನರ್ಸಾಗಿದ್ದ ನಾನು, ನನ್ನ ವಾರ್ಡಿನಲ್ಲಿ ಬಹಳ ವರ್ಷ ಆಯಾ ಆಗಿದ್ದವಳು, ಮತ್ತು ಅವಳ ಅಣ್ಣ. ಅಣ್ಣ ಬೈರಾಸು, ಅಂದರೆ ಮೈ ಒರೆಸುವ ವಸ್ತ್ರ, ನೇಯುವವರು. ನೆರೆಯ ಮನೆಗಳಲ್ಲೂ ಹಿಂದೆ ಮಗ್ಗ ಇತ್ತು. ಈಗ ನೇಯುವವರು ಕಾಲಿಳಿಸುತ್ತಿದ್ದ ಮಗ್ಗದ ಗುಂಡಿಗಳನ್ನು ಮುಚ್ಚಿ ಸಿಮೆಂಟು ಹಾಕಿಸಿದ್ದಾರೆ. ಉಳಿದದ್ದು ಇವರದೊಂದೇ.

"ಅಣ್ಣನ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ನಿಗೆ ಒಪ್ಪುವುದಿಲ್ಲ, ನೀವು ಹೇಳಿದರೆ ಕೇಳಿಯಾರು" ಎಂದು ಆಯಾ ಬರೆದಿದ್ದಳು. ಅದಕ್ಕೇ ಮೆಲ್ಕಾರಿನಿಂದ ಬೆಳಗಿನ ಬಸ್ಸು ಹಿಡಿದಿದ್ದೆ.

ಹೇಳಬೇಕಾದ್ದನ್ನು ಹೇಳಿದೆ. ಅವರು ನಕ್ಕರು.

"ಕಣ್ಣು ಯಾಕೆ ಸಿಸ್ಟರ್, ಬೆರಳು ಉಂಟಲ್ಲ. ಹೊಸ ಹಾಸಿನ ಎಳೆಯನ್ನು ಹಳೆಯದಕ್ಕೆ ಹೊಸೆದರೆ ಆಯಿತು. ಅದನ್ನು ಕತ್ತಲೆಯಲ್ಲೂ ಮಾಡ್ತೇನೆ."

ಗಂಜಿ ಹಾಕಿ ಒಣಗಿಸಿದ ಹೊಸ ಹಾಸನ್ನು, ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲನ್ನು, ತರಲು ಅವರು ಹಿತ್ತಿಲಿಗೆ ಹೋದರು. ಆಯಾ ಚಹಾಕ್ಕೆ ಒಳಗೆ ಹೋದಳು. ನಾನು ಮಗ್ಗದ ಬಳಿ ಒಬ್ಬಳೇ. ಬಾಚಣಿಗೆಯಂಥ ಹಣಿಗೆಯ ಹಿಂದೆ ಮುಂದೆ ಗೇಣುದ್ದದ ನೂಲಿನ ತುಂಡುಗಳು ಜೋತಾಡುತ್ತಿದ್ದವು. ನೇಯ್ದ ಬಟ್ಟೆಯನ್ನು ಕತ್ತರಿಸಿಕೊಂಡ ಮೇಲೆ ಉಳಿದ ಕಸ ಅಂದುಕೊಂಡೆ. ನೇತಾಡುವ ನೂಲು ಕಂಡರೆ ಕತ್ತರಿಸಿ ಒಪ್ಪ ಮಾಡುವುದು ಮೂವತ್ತು ವರ್ಷದ ಅಭ್ಯಾಸ. ಚೀಲದಲ್ಲಿ ಕತ್ತರಿ ಇತ್ತು. ಗಂಟುಗಳನ್ನು ಕತ್ತರಿಸಿ, ಎಳೆಗಳನ್ನೆಲ್ಲ ಎಳೆದು ತೆಗೆದು, ಹಣಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಯೂ ಬಿಟ್ಟೆ.

ಆಯಾ ಚಹಾ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಅಯ್ಯೋ ಸಿಸ್ಟರ್, ಹೊಸ ಹಾಸನ್ನು ಕಟ್ಟುವುದು ಆ ಹಳೆಯ ತುಂಡುಗಳಿಗೇ. ಅವು ಇಲ್ಲದಿದ್ದರೆ ಒಂದೊಂದೇ ಎಳೆಯನ್ನು ಮೊದಲಿಂದ ಪೋಣಿಸಬೇಕು. ಅಣ್ಣನಿಗೆ ಆ ಕಣ್ಣು ಇಲ್ಲ."

ಅಣ್ಣ ಬಂದರು. ಖಾಲಿ ಹಣಿಗೆಯ ಮೇಲೆ ಬೆರಳಾಡಿಸಿದರು.

"ನಮ್ಮ ಗುಂಡಿಗೂ ಸಿಮೆಂಟು ಹಾಕಿಸುವ ಹಾಗೆ ಆಯಿತು" ಎಂದರು.

ನಾನು ಕನ್ನಡಕ ಹಾಕಿಕೊಂಡು ಮಗ್ಗದ ಮುಂದೆ ಕುಳಿತೆ. "ಹೇಗೆ ಅಂತ ಹೇಳಿ" ಎಂದೆ.

"ನಿಮ್ಮಿಂದ ಆಗ್ಲಿಕ್ಕಿಲ್ಲ."

"ಅಣ್ಣ, ಈ ಸಿಸ್ಟರಿಗೆ ಆಗುವುದಿಲ್ಲ ಅಂತ ಡಾಕ್ಟರರೇ ಹೇಳ್ತಿರಲಿಲ್ಲ, ಮಾರಾಯ. ಹೇಳು" ಎಂದಳು ಆಯಾ.

ಹನ್ನೊಂದಕ್ಕೆ ಮೊದಲ ಎಳೆ. ಅವರು ಹಿಂದೆ ಕುಳಿತು ಬೆರಳಿನಿಂದ ಎಳೆ ಆರಿಸಿ ಕೊಡುವುದು. ನಾನು ಕೊಕ್ಕೆಯಿಂದ ಅದನ್ನು, ಹಣಿಗೆಯ ಹಿಂದೆ ಎರಡು ಸಾಲಾಗಿ ತೂಗುವ ನೂಲಿನ ಕುಣಿಕೆಗಳಲ್ಲಿ, ಒಂದು ಸಲ ಮುಂದಿನ ಸಾಲಿನ ಕುಣಿಕೆಗೆ, ಮರುಸಲ ಹಿಂದಿನ ಸಾಲಿನ ಕುಣಿಕೆಗೆ ದಾಟಿಸಿ, ಎರಡೆರಡರಂತೆ ಹಣಿಗೆಯ ಹಲ್ಲುಗಳ ನಡುವೆ ಎಳೆದುಕೊಳ್ಳುವುದು. ಎಂಟುನೂರಕ್ಕೂ ಹೆಚ್ಚು ಎಳೆಗಳು. ಊಟಕ್ಕೆ ಇಪ್ಪತ್ತು ನಿಮಿಷ. ನಾಲ್ಕರ ಬಸ್ಸು ಹೋಯಿತು. ಕೊಕ್ಕೆ ನಿಧಾನವಾದಾಗ ಅವರು ಹಿಂದಿನಿಂದ "ಸಿಸ್ಟರ್, ನಿದ್ದೆಯೋ?" ಎನ್ನುತ್ತಿದ್ದರು. ರಾತ್ರಿ ಪಾಳಿಯ ಹುಡುಗಿಯರನ್ನು ನಾನು ಕೇಳುತ್ತಿದ್ದುದೂ ಇದೇ ಧಾಟಿಯಲ್ಲಿ.

ಐದೂಮುಕ್ಕಾಲಿಗೆ ಕೊನೆಯ ಎಳೆ. ಅವರು ಗುಂಡಿಗೆ ಕಾಲಿಳಿಸಿ, ಲಾಳಿ ಎಸೆದು ನಾಲ್ಕು ಬೆರಳಗಲ ನೇಯ್ದರು. ಮೇಲೆ ಅಂಗೈ ಸವರಿದರು. ಅಂಗೈ ಒಂದು ಕಡೆ ನಿಂತಿತು.

"ಇಲ್ಲಿ ಎರಡು ಎಳೆ ಅದಲುಬದಲು."

ಬಗ್ಗಿ ನೋಡಿದೆ. ನನಗೆ ಏನೂ ಕಾಣಲಿಲ್ಲ. ಬೆರಳಿಟ್ಟು ನೋಡಿದಾಗ ಕೂದಲಿನಷ್ಟು ದಪ್ಪದ ಏರು ಸಿಕ್ಕಿತು.

ಆಪರೇಷನ್ನಿನ ಮಾತನ್ನು ಅವರೇ ಎತ್ತಿದರು: "ಬೆರಳೊಂದೇ ಸಾಲದು ಅಂತ ಇವತ್ತು ಗೊತ್ತಾಯಿತು. ಈ ಹಾಸು ಮುಗಿಯಲಿ. ತುದಿಯ ನೂಲು ಹಣಿಗೆಯಲ್ಲೇ ಬಿಟ್ಟು ಆಸ್ಪತ್ರೆಗೆ ಹೋಗುವ. ಆದರೆ ಅಷ್ಟು ದಿನ ಈ ಮಗ್ಗದ ಹತ್ತಿರ ಯಾರೂ ಕತ್ತರಿ ತರಬಾರದು."

ಆಯಾ ದೀಪವನ್ನು ಹತ್ತಿರ ಹಿಡಿದಳು. ಆ ಎರಡು ಎಳೆಗಳನ್ನು ಬಿಡಿಸಿ, ಅವುಗಳ ಜಾಗಕ್ಕೆ ದಾಟಿಸಿ, ಗಂಟು ಹಾಕಿದೆ. ತುದಿಗಳನ್ನು ಕತ್ತರಿಸಲಿಲ್ಲ.