ಅವನು ಹೊತ್ತು ತಿರುಗಿದ ಮುಖ

ಕೆಂಗೇರಿಯ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಅರವತ್ತು ಮಕ್ಕಳಿಗೆ ಬಣ್ಣ ಹಚ್ಚಿ, ಕೈ ಸೋತು, ಬಣ್ಣದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ರೋದಲ್ಲಿ ಮನೆಗೆ ಬರುತ್ತಿದ್ದೆ. ಪಕ್ಕದ ಮನೆಯ ಹುಡುಗಿ ಫೋನಿಗೆ ಒಂದು ವಿಡಿಯೊ ಕಳಿಸಿದ್ದಳು. ಅದರಲ್ಲಿ ಅವನು ಕೂತಿದ್ದ. ಕರಿ ಟೀ ಶರ್ಟು, ಬೆಳ್ಳಗಾದ ಜುಟ್ಟು, ಎದುರಿಗೆ ದೊಡ್ಡ ಮೈಕು. ಮೂವತ್ತು ವರ್ಷ ಹೆಣದ ಪೆಟ್ಟಿಗೆಯೊಳಗಿಂದ ಎದ್ದು ಬಂದು ಹಾಡಿದವನು, ವೇದಿಕೆಯ ಮೇಲೆ ಬೊಂಬೆಯ ತಲೆ ಕಡಿದು ನೆತ್ತರು ಚೆಲ್ಲಿದವನು, ಮುಖಕ್ಕೆ ಬಣ್ಣ ಬಳಿದುಕೊಂಡು ಜನರನ್ನು ಹೆದರಿಸುವುದನ್ನೇ ಕಸುಬು ಮಾಡಿಕೊಂಡ ರಾಕ್ ಹಾಡುಗಾರ. ಈಗ ಕೊನೆಯ ಟೂರ್ ಹೊರಟಿದ್ದಾನಂತೆ, ಅದಕ್ಕೆ ಸಂದರ್ಶನ. ಎದುರಿಗಿದ್ದ ಹುಡುಗ ಕೇಳಿದ, "ಸಾರ್, ಆ ಮುಖ ಹೆಂಗ್ ಬಂತು ಸಾರ್? ಯಾರು ಡಿಸೈನ್ ಮಾಡಿದ್ದು?"

"ಕನಸಲ್ಲಿ ಬಂತು ಗುರು," ಅಂದ ಅವನು. "ಎದ್ದು ಕನ್ನಡಿ ಮುಂದೆ ಕೂತೆ, ಬರ್ಕೊಂಡೆ. ಅಷ್ಟೇ."

ವಿಜಯನಗರದಲ್ಲಿ ಇಳಿಯಬೇಕಾದವಳು ಮಾಗಡಿ ರಸ್ತೆಯವರೆಗೆ ಹೋದೆ. ಆ ಒಂದು ಮಾತನ್ನೇ ಹಿಂದಕ್ಕೆ ಸರಿಸಿ ಸರಿಸಿ ಕೇಳಿದೆ. ಮೈಯೆಲ್ಲ ಉರಿಯುತ್ತಿತ್ತು. ಆ ಮುಖದ ಒಂದೇ ಒಂದು ಗೆರೆಯನ್ನೂ ಅವನು ಬರೆದವನಲ್ಲ. ಬರೆದವಳು ನಾನು. ಅದು ಯಾರ ಕನಸಿನಿಂದಲೂ ಬಂದದ್ದಲ್ಲ, ನಮ್ಮ ಅಂಗಡಿಯ ಹಿಂದಿನ ಕೋಣೆಯ ಮಂಚದ ಮೇಲಿಂದ ಬಂದದ್ದು.

ನಮ್ಮಪ್ಪ ಮಾಗಡಿ ರಸ್ತೆಯಲ್ಲಿ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಕಿರೀಟ, ಗದೆ, ಜರಿ ಅಂಗಿ, ಅಂಟಿಸುವ ಮೀಸೆ, ಎಲ್ಲವೂ ಅಲ್ಲಿ ಸಿಗುತ್ತಿತ್ತು. ಬ್ಯಾಡರಹಳ್ಳಿ, ಉಲ್ಲಾಳದ ಕಡೆಯ ಗೌಡರು ತಮ್ಮೂರಲ್ಲಿ ಪೌರಾಣಿಕ ನಾಟಕ ಕಟ್ಟಿದರೆ ಬಣ್ಣ ಹಚ್ಚುವುದಕ್ಕೆ ಅಪ್ಪನೇ ಬರಬೇಕು. ಆ ಕಸುಬಿನಲ್ಲಿ ಅಪ್ಪ ಪಾಲಿಸುತ್ತಿದ್ದ ಒಂದು ಕ್ರಮವಿತ್ತು. ಬಣ್ಣ ಮುಗಿಯುವವರೆಗೆ ಪಾತ್ರಧಾರಿ ಕನ್ನಡಿ ನೋಡಿಕೊಳ್ಳುವಂತಿಲ್ಲ. ಮುಗಿದ ಮೇಲೆ ಬಣ್ಣದವರ ಕಾಲಿಗೆ ನಮಸ್ಕಾರ ಮಾಡಬೇಕು, ಅವರೇ ಕನ್ನಡಿಯನ್ನು ಕೈಗೆ ಕೊಡಬೇಕು. ಅಪ್ಪನಿಗಿಂತ ಹಿರಿಯರು, ಹತ್ತಾರು ಎಕರೆ ಜಮೀನಿನವರು, ರಾಜನ ಕಿರೀಟ ಇಟ್ಟುಕೊಂಡು ಬಗ್ಗುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೆ. ಅವರು ಬಗ್ಗಿದಾಗ ಅಪ್ಪ ಸಂಕೋಚದಿಂದ ಎತ್ತಲೋ ನೋಡುತ್ತಿದ್ದರು, ಆದರೆ ಒಂದು ಸಲವೂ ಬೇಡ ಅನ್ನುತ್ತಿರಲಿಲ್ಲ. ಹೆಣ್ಣುಮಗಳಿಗೆ ಈ ಕೆಲಸ ಯಾಕೆ ಎಂದು ನೆಂಟರು ಮೂಗು ಮುರಿದರೂ ನನಗೆ ಎಲ್ಲವನ್ನೂ ಕಲಿಸಿದರು.

ಅಪ್ಪನಿಗೆ ಲಕ್ವ ಹೊಡೆದಾಗ ನನಗೆ ಇಪ್ಪತ್ತನಾಲ್ಕು. ಎಡಗೈ ಎಡಗಾಲು ಹೋದವು. ಮುಖದ ಎಡಭಾಗ ಜಾರಿತು. ರೆಪ್ಪೆ ಅರ್ಧ ಮುಚ್ಚಿ, ಕೆನ್ನೆ ಇಳಿದು, ಬಾಯಿಯ ಕೊನೆ ಗದ್ದದ ಕಡೆಗೆ ಎಳೆದುಕೊಂಡಿತು. ಬಲಭಾಗದಲ್ಲಿ ಮಾತ್ರ ಹಳೆಯ ಅಪ್ಪನೇ ಇದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಂಚ ಹಾಕಿದ್ದ ರೀತಿಯಿಂದಾಗಿ ಬೆಳಿಗ್ಗೆ ಪರದೆ ಸರಿಸಿದರೆ ಮೊದಲು ಕಾಣುತ್ತಿದ್ದದ್ದು ಎಡಭಾಗ. ನನಗೆ ಹೆದರಿಕೆಯಾಗುತ್ತಿತ್ತು. ಹೆತ್ತ ತಂದೆಯ ಮುಖ ಕಂಡರೆ ಹೆದರಿಕೆ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ? ಆ ಹೆದರಿಕೆಗಿಂತ ಹೆಚ್ಚಾಗಿ ನನ್ನ ಮೇಲೇ ನನಗೆ ಅಸಹ್ಯವಾಗುತ್ತಿತ್ತು.

ಅಂಗಡಿ ನನ್ನ ಕೈಗೆ ಬಂದ ಆ ದಿನಗಳಲ್ಲೇ ಅವನು ಬಂದದ್ದು. ರಾಜಾಜಿನಗರದ ಹುಡುಗ, ಕಾಲೇಜು ಅರ್ಧಕ್ಕೆ ಬಿಟ್ಟವನು, ನನಗಿಂತ ನಾಲ್ಕು ವರ್ಷ ಚಿಕ್ಕವನು. "ಅಕ್ಕ, ರಾಕ್ಷಸನ್ ಕೋರೆಹಲ್ಲು ಇದ್ಯಾ?" ಎಂದು ಕೇಳಿ ಒಯ್ದ. ಮೂರನೇ ದಿನ ವಾಪಸು ತಂದುಕೊಟ್ಟು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತ. ಯಾವುದೋ ಕಾಲೇಜಿನಲ್ಲಿ ಅವನ ಮೊದಲ ಕಾರ್ಯಕ್ರಮ. ಇವನು ಕೋರೆಹಲ್ಲು ಕಟ್ಟಿಕೊಂಡು ಅಬ್ಬರಿಸಿದರೆ ಹಿಂದಿನ ಸಾಲಿನವನೊಬ್ಬ, "ಯಾರಾದ್ರೂ ಇವನಿಗೆ ನಿಂಬೆಹಣ್ಣು ಇಳಿ ತೆಗೀರೋ" ಅಂದನಂತೆ.

"ಹಾಡು ಚೆನ್ನಾಗೇ ಇತ್ತು ಅಕ್ಕ. ಮುಖ ನೋಡಿ ನಕ್ಬಿಟ್ರು."

ನನಗೂ ನಗು ಬಂತು. ಆಮೇಲೆ ಪಾಪ ಅನ್ನಿಸಿತು. "ಬಾ ಕೂತ್ಕೋ ಇಲ್ಲಿ," ಅಂದೆ.

ಏನು ಬರೆಯುತ್ತೇನೆಂದು ಯೋಚಿಸಿರಲಿಲ್ಲ. ಪರದೆಯ ಹಿಂದೆ ಅಪ್ಪ ಮಲಗಿದ್ದರು. ಬಲಗೆನ್ನೆಗೆ ತೆಳುವಾಗಿ ಬಿಳಿ ಬಳಿದು ಬಿಟ್ಟೆ. ಎಡಗಡೆಗೆ ಕಾಡಿಗೆಯಿಂದ ಒಂದೊಂದೇ ನೆರಳು ಹಾಕುತ್ತಾ ಹೋದೆ. ರೆಪ್ಪೆ ಇಳಿಯಿತು, ಕೆನ್ನೆ ಜಾರಿತು, ಬಾಯಿಯ ಕೊನೆ ಎಳೆದುಕೊಂಡಿತು. ಮುಗಿದಾಗ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಕ್ರಮ ಹೇಳಿಕೊಟ್ಟೆ. ನಮಸ್ಕಾರ ಮಾಡಿ ಕನ್ನಡಿ ಈಸಿಕೊಂಡ.

"ಯಾರು ಅಕ್ಕ ಇದು?"

ಪರದೆ ಸರಿಸಿ ತೋರಿಸಿದೆ. ಅವನು ಮಂಚ ನೋಡಿದ, ಕನ್ನಡಿ ನೋಡಿದ. ಬರೆದದ್ದು ಕಲಸಿಹೋಗುವಂತೆ ಮತ್ತೆ ಅತ್ತ.

"ಯಾರ ಮುಖ ಅಂತ ಯಾರಿಗೂ ಹೇಳ್ಬಾರ್ದು ಕಣೋ," ಅಂದೆ. "ನಮ್ಮಮ್ಮಂಗೆ ಗೊತ್ತಾದ್ರೆ ನಾನು ಈ ಮನೇಲಿ ಇರಕ್ಕಾಗಲ್ಲ."

"ನಿಮ್ಮಾಣೆ ಅಕ್ಕ," ಅಂದ.

ಆ ಮುಖ ಹೊತ್ತು ಹಾಡಿದ ಮೊದಲ ಸಂಜೆಯೇ ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗಿಯರು ಕುರ್ಚಿ ಹಿಂದೆ ತಳ್ಳಿಕೊಂಡು ಎದ್ದರು. ಅಪ್ಪ ಹದಿಮೂರು ತಿಂಗಳು ಮಂಚದಲ್ಲಿದ್ದು ತೀರಿಕೊಂಡರು. ಅದೇ ವರ್ಷ ಅವನ ಮೊದಲ ಕ್ಯಾಸೆಟ್ಟು ಬಂತು, ಹೊದಿಕೆಯ ಮೇಲೆ ಆ ಮುಖ. ಒಳಗಿನ ಚೀಟಿಯಲ್ಲಿ ಡ್ರಮ್ ಬಾರಿಸಿದವನಿಗೆ, ವ್ಯಾನ್ ಓಡಿಸಿದವನಿಗೆ, ಕೊನೆಗೆ ಅವನ ಮನೆಯ ನಾಯಿಗೂ ಕೃತಜ್ಞತೆ ಇತ್ತು. ನನ್ನ ಹೆಸರಿರಲಿಲ್ಲ. ಹೇಳಬೇಡ ಅಂದವಳು ನಾನೇ ತಾನೇ ಎಂದು ಸುಮ್ಮನಾದೆ. ಕ್ಯಾಸೆಟ್ಟನ್ನು ಅಮ್ಮನ ಕಣ್ಣಿಗೆ ಬೀಳದಂತೆ ಜರಿ ಅಂಗಿಗಳ ಟ್ರಂಕಿನಲ್ಲಿಟ್ಟೆ.

ಇಪ್ಪತ್ತನಾಲ್ಕು ವರ್ಷ ಅವನ ಜೊತೆ ತಿರುಗಿದೆ. ಮೈಸೂರು, ಹುಬ್ಬಳ್ಳಿ, ಕೊಚ್ಚಿ, ಶಿಲ್ಲಾಂಗ್. ನೆತ್ತರಿಗೆ ಬೆಲ್ಲದ ಪಾಕಕ್ಕೆ ಕೆಂಪು ಬೆರೆಸುತ್ತಿದ್ದೆವು. ಹುಬ್ಬಳ್ಳಿಯ ಲಾಡ್ಜಿನಲ್ಲಿ ಅದಕ್ಕೆ ಇರುವೆ ಮುತ್ತಿ, ಭಯಂಕರ ಹಾಡುಗಾರ ಚಡ್ಡಿಯಲ್ಲಿ ಕುಣಿದಾಡಿದ್ದನ್ನು ನೋಡಿದ ಭಾಗ್ಯ ನನ್ನದು. ವಿಮಾನ ನಿಲ್ದಾಣದಲ್ಲಿ ಬೊಂಬೆಯ ತಲೆ ಸಿಕ್ಕಿ ಪೊಲೀಸರು ನಮ್ಮನ್ನು ಕೂರಿಸಿಕೊಂಡಾಗ, "ಸ್ಕೂಲ್ ಡ್ರಾಮಾದ್ದು ಸಾರ್, ನಾನು ಮೇಕಪ್ ಟೀಚರ್ರು" ಎಂದು ಬಿಡಿಸಿಕೊಂಡು ಬಂದವಳೂ ನಾನೇ. ಎರಡನೇ ಆಲ್ಬಮ್ ಸಿ.ಡಿ.ಯಾಗಿ ಬಂತು, ಮೂರನೆಯದಕ್ಕೆ ಊರೂರಲ್ಲಿ ಅವನಂತೆ ಬಣ್ಣ ಬಳಿದುಕೊಂಡ ಹುಡುಗರು ಹುಟ್ಟಿಕೊಂಡರು. ನಾಲ್ಕನೆಯದು ಮಕಾಡೆ ಮಲಗಿತು. ಬಸವೇಶ್ವರನಗರದ ಮನೆಯಲ್ಲಿ ಕದ ಹಾಕಿಕೊಂಡು ಕೂತುಬಿಟ್ಟ. ಹೆಂಡತಿ ಫೋನ್ ಮಾಡಿ ಅತ್ತಳು. ಪೆಟ್ಟಿಗೆ ತೆಗೆದುಕೊಂಡು ಹೋದೆ. ಕಾರ್ಯಕ್ರಮವಿಲ್ಲ, ಏನಿಲ್ಲ, ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಪೂರ್ತಿ ಬಣ್ಣ ಹಚ್ಚಿದೆ.

"ಇನ್ನೂ ಹೆದರಿಸಕ್ಕೆ ಲಾಯಕ್ಕಾ ಅಕ್ಕ ನಾನು?"

"ನೋಡ್ಕೋ," ಎಂದು ಕನ್ನಡಿ ಕೊಟ್ಟೆ. ಐದನೇ ಆಲ್ಬಮ್ ಆ ಸ್ಟೂಲಿನಿಂದ ಎದ್ದು ಬಂದದ್ದು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನನಗೆ ಒಡಹುಟ್ಟಿದವರಿಲ್ಲ. ಪ್ರತಿ ಊರಿನಲ್ಲೂ, ಪ್ರತಿ ಕಾರ್ಯಕ್ರಮಕ್ಕೂ ಮುಂಚೆ, ಅವನು ನನ್ನ ಕಾಲಿಗೆ ಬಗ್ಗಿದಾಗ ತಮ್ಮನೊಬ್ಬ ಇದ್ದಾನೆ ಅಂದುಕೊಂಡಿದ್ದೆ.

ಆರು ವರ್ಷದ ಹಿಂದೆ ನನ್ನ ಮಂಡಿ ಕೈಕೊಟ್ಟಿತು. "ನೀವು ರೆಸ್ಟ್ ತಗೊಳಿ ಅಕ್ಕ, ಒಂದು ಮಾಸ್ಕ್ ಮಾಡಿಸ್ಕೊಂಡಿದೀನಿ" ಅಂದ. ನನ್ನ ಕಷ್ಟ ನೋಡಲಾರದೆ ಮಾಡಿಸಿದ್ದಾನೆ ಎಂದು ಕಣ್ಣಲ್ಲಿ ನೀರು ಬಂತು. ಎಂಥ ಪೆದ್ದಿ ನಾನು. ಕಿವಿಗೆ ಹೂ ಇಟ್ಟರೆ ಮುಟ್ಟಿ ನೋಡಿಕೊಂಡು ಚೆನ್ನಾಗಿದೆ ಅನ್ನುವವಳು.

ಕೊನೆಯ ಟೂರಿನ ಬೆಂಗಳೂರಿನ ಕಾರ್ಯಕ್ರಮ ರಾಜಾಜಿನಗರದ ಮೈದಾನವೊಂದರಲ್ಲಿತ್ತು. ಟಿಕೆಟ್ ತೆಗೆದುಕೊಂಡು ಹೋದೆ. ಗೇಟಿನಲ್ಲಿ ಟಿಕೆಟ್ಟಿನ ಜೊತೆ ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಮುಖವಾಡ ಕೊಡುತ್ತಿದ್ದರು. "ತಗೊಳಿ ಆಂಟಿ, ಫ್ರೀ." ಅಪ್ಪನ ಮುಖ, ರಬ್ಬರಿನ ದಾರ ಸಮೇತ. ನೋಡದೆ ಚೀಲಕ್ಕೆ ತುರುಕಿದೆ.

ವೇದಿಕೆಯ ಹಿಂದೆ ಬಿಡಲು ಯಾರೂ ತಕರಾರು ಮಾಡಲಿಲ್ಲ, ಹಳಬರಿಗೆಲ್ಲ ನಾನು ಅಕ್ಕನೇ. ಅವನು ಒಬ್ಬನೇ ಕೂತಿದ್ದ. ನನ್ನನ್ನು ಕಂಡು ಎದ್ದ. ಕೂತ್ಕೊಳಿ ಅನ್ನಲಿಲ್ಲ, ನಾನೂ ಕೂರಲಿಲ್ಲ.

"ಕನಸಲ್ಲಿ ಬಂತೇನೋ?"

ಅವನಿಗೆ ಗೊತ್ತಾಯಿತು. "ಅಕ್ಕ, ನೀವೇ ಯಾರಿಗೂ ಹೇಳ್ಬೇಡ ಅಂದಿದ್ರಿ. ನಿಮ್ಮ ಮಾತೇ ಉಳಿಸಿದೀನಿ."

"ಯಾರ ಮುಖ ಅಂತ ಹೇಳ್ಬೇಡ ಅಂದೆ. ನಿಂದು ಅಂತ ಹೇಳು ಅಂದೆನಾ?"

ತಲೆ ತಗ್ಗಿಸಿದ. ಇಷ್ಟು ವರ್ಷ ಆ ಮುಖವನ್ನು ಕೈಯಲ್ಲಿ ಹಿಡಿದವಳು ನಾನು. ಅಳು ಬಂದು ಗದ್ದ ನಡುಗುವುದಕ್ಕೆ ಮುಂಚೆ ನನಗೆ ಗೊತ್ತಾಗುತ್ತದೆ. ನಡುಗಲಿಲ್ಲ. ತಪ್ಪಾಯಿತು ಅಕ್ಕ ಎಂದೂ ಅನ್ನಲಿಲ್ಲ.

"ಏನ್ ಮಾಡ್ಲಿ ಹೇಳಿ ಈಗ."

"ನಮ್ಮಪ್ಪನ ವಿಷ್ಯ ಬೇಡ. ಕಾಯಿಲೆ ವಿಷ್ಯ ಬೇಡ. ಬರೆದಿದ್ದು ನಾನು ಅಂತ ಒಂದ್ ಮಾತು ಹೇಳು. ಸಾಕು."

"ಇವತ್ತೇ ಹೇಳ್ತೀನಿ ಅಕ್ಕ. ಮೂರನೇ ಹಾಡಾದ್ಮೇಲೆ. ನೀವು ಮುಂದೆ ನಿಂತ್ಕೊಳಿ."

ನಂಬಿದೆ. ಏನೆಂದು ಹೇಳಲಿ, ಆ ಮೆಟ್ರೋದ ಉರಿಯೆಲ್ಲ ಒಂದು ಮಾತಿಗೆ ಆರಿಹೋಯಿತು. ಮುಂದೆ ಹೋಗಿ ಕಂಬಿ ಹಿಡಿದು ನಿಂತೆ. ಹಾಡುಗಳು ನನಗೆ ಬಾಯಿಪಾಠ. ಮೂರನೆಯದು ಮುಗಿದಾಗ ಅವನು ಕೈಯೆತ್ತಿ ಡ್ರಮ್ ನಿಲ್ಲಿಸಿದ.

"ಈ ಮುಖ ನಂದಲ್ಲ," ಅಂದ. "ಇದರ ಹಿಂದೆ ಬೇರೆ ಒಬ್ರು ಇದಾರೆ. ಮೂವತ್ತು ವರ್ಷದಿಂದ ಇದಾರೆ. ಯಾರು ಗೊತ್ತಾ?"

ನಾನು ಸೆರಗು ಸರಿಮಾಡಿಕೊಂಡೆ. ಮೇಲೆ ಕರೆದರೆ ಮೆಟ್ಟಿಲು ಹತ್ತುವುದು ಹೇಗೆ ಎಂದು ಮಂಡಿಯ ಚಿಂತೆಯೂ ಬಂತು.

"ನೀವು," ಎಂದು ಎರಡೂ ಕೈ ಚಾಚಿದ. "ನೀವೇ ಈ ಮುಖ. ಹಾಕ್ಕೊಳ್ರೋ ಎಲ್ರೂ."

ಕೂಗು ಮುಗಿಲು ಮುಟ್ಟಿತು. ನನ್ನ ಎಡಕ್ಕೆ, ಬಲಕ್ಕೆ, ಹಿಂದೆ, ಕಣ್ಣು ಹಾಯುವವರೆಗೆ ಎಲ್ಲರೂ ಮುಖವಾಡ ಎಳೆದುಕೊಂಡರು. ಮೈದಾನದ ತುಂಬ ಅಪ್ಪ. ಕುಣಿಯುತ್ತಿದ್ದರು, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಫೋಟೊ ತೆಗೆದುಕೊಳ್ಳುತ್ತಿದ್ದರು. ಅವನು ನನ್ನ ಕಡೆ ನೋಡಲೇ ಇಲ್ಲ. ನಾಲ್ಕನೇ ಹಾಡು ಶುರುವಾಯಿತು.

ಕನಸು ಅಂದದ್ದನ್ನು ಕ್ಷಮಿಸಿಬಿಡುತ್ತಿದ್ದೆನೋ ಏನೋ, ಬಾಯಿ ತಪ್ಪಿ ಆಡಿದ ಸುಳ್ಳು ಎಂದುಕೊಳ್ಳಬಹುದಿತ್ತು. ಆದರೆ ಇದನ್ನು ಅವನು ನನ್ನನ್ನು ಮುಂದೆ ನಿಲ್ಲಿಸಿ ಮಾಡಿದ. ನಾನು ಕಾಯುತ್ತಿದ್ದೇನೆಂದು ಗೊತ್ತಿದ್ದು ಮಾಡಿದ. ಜನರ ನಡುವೆ ದಾರಿ ಮಾಡಿಕೊಂಡು ಆಚೆ ಬಂದು ಆಟೋ ಹತ್ತಿದೆ.

ನಾನು, ಅಮ್ಮ ಇಬ್ಬರೇ ಇರುವ ಮನೆ. ಮರುದಿನ ಬೆಳಿಗ್ಗೆ ಒಗೆದ ಬಟ್ಟೆ ಹರವಲು ಅಂಗಳಕ್ಕೆ ಬಂದರೆ ಅಮ್ಮ ಬಿಸಿಲಿಗೆ ಕೂತಿದ್ದಳು. ಮಾತ್ರೆ ಹುಡುಕುತ್ತಾ ನನ್ನ ಚೀಲಕ್ಕೆ ಕೈ ಹಾಕಿದ್ದಾಳೆ. ಕೈಯಲ್ಲಿ ಆ ಮುಖವಾಡ.

ಅಮ್ಮ ಅದನ್ನು ದೂರ ಹಿಡಿದು ನೋಡಿದಳು, ಹತ್ತಿರ ತಂದುಕೊಂಡಳು. ಆಮೇಲೆ ಸೆರಗಿನ ತುದಿ ತೆಗೆದುಕೊಂಡು ಎಡಗಡೆ ಬಾಯಿಯ ಕೊನೆಯನ್ನು ಒರೆಸಿದಳು. ಒಂದು ಸಲ, ಇನ್ನೊಂದು ಸಲ, ಗದ್ದದವರೆಗೆ. ಅಪ್ಪ ಮಲಗಿದ್ದ ಅಷ್ಟು ತಿಂಗಳೂ ಜೊಲ್ಲು ಇಳಿಯದ ಹಾಗೆ ದಿನಕ್ಕೆ ಎಷ್ಟು ಸಲ ಅದನ್ನು ಮಾಡಿದ್ದಳೋ. ಕೈ ತಾನೇ ಹೋಯಿತು, ಅವಳಿಗೆ ಗೊತ್ತಾಗಲೂ ಇಲ್ಲ.

"ಇದನ್ನ ಮಾಡಿದವರ ಮನೇಲೂ ಯಾರಿಗೋ ಲಕ್ವ ಹೊಡೆದಿತ್ತೇನೋ ಕಣೇ," ಅಂದಳು. "ಹತ್ತಿರದಿಂದ ನೋಡ್ದೆ ಇದ್ದವರಿಗೆ ಇದು ಗೊತ್ತಾಗಲ್ಲ. ಪಾಪ, ಎಷ್ಟು ಸಂಕಟಪಟ್ಟಿದಾರೋ. ಯಾರಂತೆ ಅವರು?"

ಒದ್ದೆ ಬಟ್ಟೆಯ ನೀರು ಪಾದದ ಮೇಲೆ ಸುರಿಯುತ್ತಿತ್ತು.

"ಗೊತ್ತಿಲ್ಲಮ್ಮ," ಅಂದೆ.